ಮೂಗು ಒಡೆದವರು ಯಾರು ಸರ್?

ಬರೆಯಬೇಕು ಅಂದುಕೊಂಡು ಮೂರು ವಾರ ಆಯ್ತು. ಬರೀ ಪ್ರವಾಸದ ಕತೆಯಾಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಆದರೆ ಒಬ್ಬ ಹುಡುಗ ಕೇಳಿದ ಪ್ರಶ್ನೆ ತಲೆಯೊಳಗೆ ಕೂತುಬಿಟ್ಟಿದೆ. ಅಲ್ಲಿ ನಾನು ಹೇಳಿದ್ದು ಅರ್ಧ ಉತ್ತರ. ಉಳಿದರ್ಧ ಇಲ್ಲಿ.

ನಮ್ಮಣ್ಣ ಹುಮನಾಬಾದ್ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಎಂಟನೇ ಕ್ಲಾಸಿನ ಮಕ್ಕಳನ್ನು ಬಸವಕಲ್ಯಾಣದ ಕೋಟೆ, ಅದರೊಳಗಿರುವ ಮ್ಯೂಸಿಯಂ ತೋರಿಸಲು ಕರಕೊಂಡು ಹೊರಟಿದ್ದ. ಜೊತೆಗೆ ಬರಬೇಕಿದ್ದ ಇನ್ನೊಬ್ಬ ಮೇಷ್ಟ್ರಿಗೆ ಜ್ವರ. "ನೀ ಹಿಸ್ಟರಿ ಹಿಸ್ಟರಿ ಅಂತ ಏನೇನೋ ಬರೀತಿರ್ತಿಯಲ್ಲ, ಬಾ, ನಲವತ್ತು ಹುಡುಗರ ಮುಂದ ನಿಂತು ಹೇಳು ನೋಡೋಣ" ಅಂದ. ರಜೆಗೆ ಬಂದವನು ಮಾವಿನ ಗಿಡದ ಕೆಳಗೆ ಮಲಗುವುದು ಬಿಟ್ಟು ಬಸ್ಸು ಹತ್ತಿದೆ. ಬ್ಲಾಗು ಬರೆಯುವುದಕ್ಕೂ ಹದಿಮೂರು ವರ್ಷದ ಮಕ್ಕಳಿಗೆ ಇತಿಹಾಸ ಹೇಳುವುದಕ್ಕೂ ಇರುವ ವ್ಯತ್ಯಾಸ ಆ ದಿನ ಚೆನ್ನಾಗಿ ಗೊತ್ತಾಯ್ತು :)

ಹುಮನಾಬಾದ್ ಅಂದರೆ ಬಹಳಷ್ಟು ಜನಕ್ಕೆ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಹಾ ಕುಡಿಯಲು ಇಳಿಯುವ ಊರು. ಹೆಚ್ಚೆಂದರೆ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರ. ಆದರೆ ಊರಿಂದ ಸ್ವಲ್ಪ ದೂರದಲ್ಲೇ ಜಲಸಂಗ್ವಿ ಇದೆ. ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ಅದು ಬರುವುದಿಲ್ಲ. ಆದರೂ "ಮೊದಲು ಅಲ್ಲಿಗೆ ಹೋಗೋಣ" ಅಂತ ನಾನೇ ಹಟ ಮಾಡಿದೆ. ಮ್ಯೂಸಿಯಂ ನೋಡುವ ಮೊದಲು ಒಂದು ಶಿಲ್ಪವನ್ನು ಅದು ಹುಟ್ಟಿದ ಗೋಡೆಯ ಮೇಲೇ ನೋಡಲಿ ಅಂತ.

ಜಲಸಂಗ್ವಿಯ ದೇವಸ್ಥಾನ ಕಲ್ಯಾಣ ಚಾಲುಕ್ಯರ ಕಾಲದ್ದು. ಹೊರಗೋಡೆಯ ತುಂಬ ನಿಂತ ಹೆಣ್ಣುಗಳು. ಅದರಲ್ಲೊಬ್ಬಳು ಬರೆಯುತ್ತಿದ್ದಾಳೆ. ಕನ್ನಡಿ ನೋಡುವ, ಕುಣಿಯುವ ಹೆಣ್ಣುಗಳು ನಮ್ಮ ಗುಡಿಗಳಲ್ಲಿ ಬೇಕಾದಷ್ಟು. ಬರೆಯುವವಳು ಅಪರೂಪ. ಶಾಸನಸುಂದರಿ ಅಂತ ಅವಳ ಹೆಸರು. ಎದುರಿನ ಕಲ್ಲಹಲಗೆಯ ಮೇಲೆ ಅವಳು ಬರೆಯುತ್ತಿರುವುದು ಸುಮ್ಮನೆ ಗೀಚಿದ ಗೆರೆಗಳಲ್ಲ, ನಿಜವಾದ ಅಕ್ಷರಗಳು. ಸಂಸ್ಕೃತ. ಏಳು ದ್ವೀಪಗಳ ಈ ಭೂಮಿಯನ್ನೆಲ್ಲ ಚಾಲುಕ್ಯ ವಿಕ್ರಮಾದಿತ್ಯ ತನ್ನದಾಗಿ ಮಾಡಿಕೊಳ್ಳುತ್ತಾನೆ ಅಂತ ಅದರ ತಾತ್ಪರ್ಯ. 1076ರಲ್ಲಿ ಪಟ್ಟಕ್ಕೆ ಬಂದು, ಶಕ ವರ್ಷ ಬದಿಗಿಟ್ಟು ತನ್ನದೇ ಹೆಸರಿನ ಚಾಲುಕ್ಯ ವಿಕ್ರಮ ವರ್ಷ ಶುರು ಮಾಡಿ, 1126ರವರೆಗೆ ಐವತ್ತು ವರ್ಷ ಆಳಿದನಲ್ಲ, ಆ ಆರನೆಯ ವಿಕ್ರಮಾದಿತ್ಯ.

ಒಬ್ಬ ಹುಡುಗಿ ಬಹಳ ಹೊತ್ತು ನೋಡಿ, "ಆಗ ಹುಡಿಗೇರಿಗೂ ಸಾಲಿ ಇತ್ತೇನ್ರಿ?" ಅಂದಳು. ಶಿಲ್ಪದಲ್ಲಿ ಬರೆಯುವ ಹೆಣ್ಣಿದ್ದ ಮಾತ್ರಕ್ಕೆ ಊರಲ್ಲೆಲ್ಲ ಹೆಣ್ಣುಮಕ್ಕಳು ಓದಿದ್ದರು ಅಂತಲ್ಲ, ಆದರೆ ಹೆಣ್ಣು ಬರೆಯುವುದನ್ನು ಕಲ್ಲುಕುಟಿಗ ಕಲ್ಪಿಸಿಕೊಂಡನಲ್ಲ, ಕಂಡಿದ್ದಕ್ಕೇ ಕಲ್ಪಿಸಿರಬೇಕು ಅಂದೆ. ಅವಳಿಗೆ ಅಷ್ಟು ಸಾಕಾಯ್ತು ಅನಿಸುತ್ತೆ. ನೋಟ್‌ಬುಕ್ಕಿನಲ್ಲಿ ಏನೋ ಬರಕೊಂಡಳು.

ಇಷ್ಟು ಹೊತ್ತು ಎಲ್ಲ ಸುಸೂತ್ರ.

ಹೆದ್ದಾರಿ ಹಿಡಿದು, ಸಸ್ತಾಪುರ ಬಂಗ್ಲಾ ಹತ್ತಿರ ಹೊರಳಿ ಬಸವಕಲ್ಯಾಣ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ನಮ್ಮ ಕಡೆಯ ಹಿರಿಯರು ಈಗಲೂ "ಕಲ್ಯಾಣಿ" ಅಂತಲೇ ಅನ್ನುತ್ತಾರೆ. ನಿಜಾಮರ ಕಾಲದಲ್ಲಿ ಇದು ಕಲ್ಯಾಣಿ ನವಾಬರ ಜಹಗೀರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ಬೀದರ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಬಂತು. ಆಮೇಲೆ ಊರಿಗೆ ಬಸವಣ್ಣನ ಹೆಸರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಇಡೀ ಪ್ರದೇಶವೇ ಕಲ್ಯಾಣ ಕರ್ನಾಟಕ ಆಯ್ತು. ಹೆಸರಿನ ಮಟ್ಟಿಗೆ ಕಲ್ಯಾಣಕ್ಕೆ ಈಗ ಒಳ್ಳೆಯ ಕಾಲ.

ಕೋಟೆಯೊಳಗಿನ ಸರ್ಕಾರಿ ಮ್ಯೂಸಿಯಂನಲ್ಲಿ ಸುತ್ತಲಿನ ಶಿಲ್ಪಗಳನ್ನು ತಂದಿಟ್ಟಿದ್ದಾರೆ. ತೀರ್ಥಂಕರರು, ದೇವದೇವಿಯರು, ತುಂಡುಗಳು. ಹತ್ತು, ಹನ್ನೊಂದು, ಹನ್ನೆರಡನೇ ಶತಮಾನದವು. ಮಕ್ಕಳು ಮ್ಯೂಸಿಯಂನಲ್ಲಿ ಏನು ನೋಡುತ್ತಾರೆ ಗಮನಿಸಿದ್ದೀರಾ? ನಾವು ಕಿರೀಟ, ಪ್ರಭಾವಳಿ, ಶೈಲಿ ಅಂತ ನೋಡುತ್ತೇವೆ. ಅವರು ಮೊದಲು ನೋಡುವುದು ಇಲ್ಲದ್ದನ್ನು. ಇದಕ್ಕೆ ಕೈ ಇಲ್ಲ. ಇದಕ್ಕೆ ತಲೆ ಇಲ್ಲ. ಇದಕ್ಕೆ ಮೂಗಿಲ್ಲ.

"ಮೂಗು ಯಾರು ಒಡ್ದಾರ್ ಸರ್?"

ನಾನು ಬಾಯಿ ತೆಗೆಯುವುದರೊಳಗೆ ಹಿಂದಿನಿಂದ ಇನ್ನೊಬ್ಬ, "ಯಾರ್ ಅಂದ್ರ ಏನಲೇ, ಮುಸಲ್ಮಾನ್ರು. ನಮ್ಮ ಕಾಕಾ ಹೇಳ್ಯಾನ" ಅಂದ.

ಅವನ ಪಕ್ಕದಲ್ಲೇ, ಅವನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾವ ಧರ್ಮ ಅಂತ ಗೊತ್ತಾಗುತ್ತೆ. ಅವನು ಕೈ ತೆಗೆಯಲಿಲ್ಲ. ಆದರೆ ನೆಲ ನೋಡಿದ. ಹೇಳಿದವನಿಗೂ ಆಮೇಲೆ ಅರಿವಾಯ್ತು, ಸುಮ್ಮನಾದ. ನಮ್ಮ ಬೀದರ ಸೀಮೆಯಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಒಂದೇ ಬೆಂಚಿನ ಮೇಲೆ ಕೂರುತ್ತವೆ. ಅಣ್ಣ ನನ್ನ ಕಡೆ ನೋಡಿದ. ಈಗ ಹೇಳಪ್ಪ ಹಿಸ್ಟರಿ, ಅನ್ನುವ ಹಾಗೆ.

ನಾನು "ಎಲ್ಲರೂ ಒಳ್ಳೆಯವರು, ಹಾಗೆಲ್ಲ ಅನ್ನಬಾರದು" ಅಂತ ಹೇಳಿ ದಾಟಿಸಬಹುದಿತ್ತು. ಶಾಲೆಗಳಲ್ಲಿ ಹಾಗೆ ದಾಟಿಸುವುದನ್ನು ನಾನೂ ಚಿಕ್ಕಂದಿನಲ್ಲಿ ಕಂಡವನೇ. ಅದರಿಂದ ಏನೂ ಆಗುವುದಿಲ್ಲ. ಮನೆಗೆ ಹೋದ ಮೇಲೆ ಕಾಕಾ ಹೇಳಿದ್ದೇ ಉಳಿಯುತ್ತೆ. ಹಾಗಾಗಿ ನನಗೆ ಗೊತ್ತಿರುವ, ಬರಹದಲ್ಲಿ ದಾಖಲಾಗಿರುವ ಸಂಗತಿಗಳನ್ನಷ್ಟೇ ಹೇಳಿದೆ. ಎದುರಿಗಿದ್ದ ಆ ಒಂದು ಮೂಗನ್ನು ಇಂಥವನೇ ಒಡೆದ ಅಂತ ಯಾವ ಶಾಸನವೂ ಹೇಳುವುದಿಲ್ಲ. ಅದನ್ನೂ ಹೇಳಿದೆ.

ಕಲ್ಯಾಣಕ್ಕೆ ಬೆಂಕಿ ಹಚ್ಚಿದ್ದನ್ನು ಹಚ್ಚಿದವನೇ ಕಲ್ಲಿನ ಮೇಲೆ ಬರೆಸಿಟ್ಟಿರುವ ಒಂದು ಉದಾಹರಣೆ ಇದೆ. ಆ ಕಲ್ಲು ಇರುವುದು ಇಲ್ಲಿಂದ ಎಷ್ಟೋ ದೂರದ ತಂಜಾವೂರಿನಲ್ಲಿ.

ಒಂದನೆಯ ಸೋಮೇಶ್ವರ 1042ರ ಹೊತ್ತಿಗೆ ಪಟ್ಟಕ್ಕೆ ಬಂದ. ರಾಜಧಾನಿಯನ್ನು ಮಾನ್ಯಖೇಟದಿಂದ, ಅಂದರೆ ಈಗಿನ ಮಳಖೇಡದಿಂದ, ಕಲ್ಯಾಣಕ್ಕೆ ತಂದವನು ಅವನೇ. ಹೊಸ ರಾಜಧಾನಿ, ಹೊಸ ಅರಮನೆ, ಹೊಸ ಗುಡಿಗಳು. ಆಗ ದಕ್ಷಿಣದಲ್ಲಿ ಚೋಳರ ರಾಜಾಧಿರಾಜ. ಇಬ್ಬರಿಗೂ ವೆಂಗಿಯ ಮೇಲೆ ಕಣ್ಣು. 1040ರ ದಶಕದಲ್ಲೇ ಚೋಳರ ಸೈನ್ಯ ಕಲ್ಯಾಣದವರೆಗೆ ಬಂತು, ಊರು ಸುಟ್ಟಿತು. ಅಲ್ಲಿ ರಾಜಾಧಿರಾಜ ವೀರಾಭಿಷೇಕ ಮಾಡಿಸಿಕೊಂಡು ವಿಜಯರಾಜೇಂದ್ರ ಅನ್ನುವ ಬಿರುದು ಇಟ್ಟುಕೊಂಡ. ಹೋಗುವಾಗ ಕಲ್ಯಾಣದ ಬಾಗಿಲು ಕಾಯುತ್ತಿದ್ದ ಒಂದು ದ್ವಾರಪಾಲಕನ ಮೂರ್ತಿಯನ್ನು ಹೊತ್ತುಕೊಂಡು ಹೋದ. ಅದರ ಪೀಠದ ಮೇಲೆ ತಮಿಳಿನಲ್ಲಿ ಬರೆಸಿದ: ಕಲ್ಯಾಣಪುರವನ್ನು ಸುಟ್ಟು ವಿಜಯರಾಜೇಂದ್ರ ದೇವರು ತಂದ ದ್ವಾರಪಾಲಕ ಇದು, ಅಂತ.

ಇಷ್ಟೇ. ಒಂದೇ ಸಾಲು. ಮ್ಯೂಸಿಯಂನ ಫಲಕ ಇದ್ದಂಗೆ ಇದೆ ನೋಡಿ. ಎಲ್ಲಿಂದ ಬಂತು, ಹೇಗೆ ಬಂತು, ಯಾರು ತಂದರು.

ಆ ಮೂರ್ತಿ ಬಹುಕಾಲ ಕುಂಭಕೋಣದ ಹತ್ತಿರದ ದಾರಾಸುರಂನಲ್ಲಿತ್ತು. ದಾರಾಸುರಂ ಗುಡಿಯೋ, ನೂರು ವರ್ಷ ಆದ ಮೇಲೆ ಇಮ್ಮಡಿ ರಾಜರಾಜ ಕಟ್ಟಿಸಿದ್ದು. ಅಂದರೆ ನಮ್ಮ ದ್ವಾರಪಾಲಕ ಮೊದಲು ಬೇರೆಲ್ಲೋ ಇದ್ದು, ಆಮೇಲೆ ಅಲ್ಲಿಗೆ ಹೋಗಿದ್ದಾನೆ. ಕೊನೆಗೆ ತಂಜಾವೂರಿನ ಅರಮನೆಯೊಳಗಿನ ಕಲಾಶಾಲೆಗೆ ಬಂದ. ಮನೆಯ ಬಾಗಿಲು ಕಾಯಬೇಕಾದವನು ಊರೂರು ತಿರುಗಿ ಈಗ ಟಿಕೆಟ್ಟು ಕೊಟ್ಟು ಬಂದವರಿಗೆ ದರ್ಶನ ಕೊಡುತ್ತಿದ್ದಾನೆ. (ರಾಜಾಧಿರಾಜ 1054ರಲ್ಲಿ ಕೊಪ್ಪಂ ಯುದ್ಧದಲ್ಲಿ ಆನೆಯ ಮೇಲೆಯೇ ಸತ್ತ. ಇದನ್ನು ಹೇಳಿದಾಗ ಹುಡುಗರು ಚಪ್ಪಾಳೆ ಹೊಡೆದರು. ಹೊಡೆಯಬೇಡಿ ಅನ್ನಲು ನನಗೂ ಮನಸ್ಸಾಗಲಿಲ್ಲ, ಏನು ಮಾಡುವುದು.)

"ಅಂದ್ರ ಚೋಳರು ಹಿಂದೂಗಳೇ ಅಲ್ಲೇನ್ರಿ ಸರ್?" ಅಂದಿತು ಒಂದು ದನಿ.

ಹೌದು. ಶಿವಭಕ್ತರು. ಸೋಮೇಶ್ವರನೂ ಶಿವಭಕ್ತ. ಕದ್ದದ್ದು ಗುಡಿಯ ದ್ವಾರಪಾಲಕನನ್ನು. ರಾಜನ ಬಾಗಿಲು ಕಾಯುವ ದೇವರನ್ನೇ ಎತ್ತಿಕೊಂಡು ಹೋದರೆ ರಾಜನ ಮಾನ ಹೋದ ಹಾಗೆ, ಅದು ಆ ಕಾಲದ ಲೆಕ್ಕ. ಎಲ್ಲರೂ ಅದೇ ಲೆಕ್ಕ ಹಾಕಲಿಲ್ಲ ಅನ್ನುವುದಕ್ಕೂ ಪುರಾವೆ ಇದೆ. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಎಂಟನೇ ಶತಮಾನದಲ್ಲಿ ಕಂಚಿ ಗೆದ್ದು, ಕೈಲಾಸನಾಥ ಗುಡಿಯ ಸಂಪತ್ತನ್ನು ಮುಟ್ಟದೆ ಹಿಂದಿರುಗಿಸಿದೆ ಅಂತ ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ್ದಾನೆ. ಈಗಲೂ ಇದೆ.

ತೀರ್ಥಂಕರನ ಮುಂದೆ ಬಂದಾಗ ಇನ್ನೊಂದು ಕತೆ ಹೇಳಬೇಕಾಯ್ತು. ಹೇಳಲೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿದೆ, ಯಾಕೆಂದರೆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಲಿಂಗಾಯತರ ಮನೆಯವರು. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ 1200ರ ಆಸುಪಾಸಿನ ಒಂದು ದೊಡ್ಡ ಶಾಸನ ಇದೆ. ಏಕಾಂತದ ರಾಮಯ್ಯ ಅನ್ನುವ ಶಿವಭಕ್ತ ಜೈನರ ಜೊತೆ ಪಣ ಕಟ್ಟಿ, ತನ್ನ ತಲೆಯನ್ನೇ ಶಿವನಿಗೆ ಅರ್ಪಿಸಿ ಮತ್ತೆ ಪಡೆದು, ಜಿನನ ಮೂರ್ತಿಯನ್ನು ಒಡೆದ ಅಂತ ಅದು ಹೇಳುತ್ತೆ. ಜೈನರು ದೂರು ಒಯ್ದದ್ದು ಬಿಜ್ಜಳನ ಹತ್ತಿರ. ಹೌದು, ನಮ್ಮ ಕಲ್ಯಾಣದ ಬಿಜ್ಜಳನೇ. ಅವನು ರಾಮಯ್ಯನಿಗೇ ಜಯಪತ್ರ ಕೊಟ್ಟನಂತೆ. ಗುಡಿಯ ಶಿಲ್ಪಗಳಲ್ಲಿ ಒಡೆಯುವ ದೃಶ್ಯವನ್ನೂ ಕೆತ್ತಿದ್ದಾರೆ, ಕೆಳಗೆ ಕನ್ನಡದಲ್ಲಿ ವಿವರಣೆ ಸಮೇತ. ತಲೆ ಕತ್ತರಿಸಿದ ಪವಾಡವನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಮೂರ್ತಿ ಒಡೆದದ್ದನ್ನು ಮುಚ್ಚಿಡದೆ ಹೆಮ್ಮೆಯಿಂದ ಕಲ್ಲಿಗೆ ಹಾಕಿದವರು ಇವರು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು. ಕಾಕಾ ಹೇಳಿದ್ದು ಪೂರ್ತಿ ಕಟ್ಟುಕತೆ ಅಲ್ಲವಲ್ಲ. ದಿಲ್ಲಿಯ ಉಲುಘ್ ಖಾನ್ 1323ರಲ್ಲಿ ಕಾಕತೀಯರ ಓರುಗಲ್ಲನ್ನು ಗೆದ್ದ. ಕೋಟೆಯ ನಟ್ಟನಡುವೆ ಇದ್ದ ಸ್ವಯಂಭೂ ಶಿವನ ದೊಡ್ಡ ಗುಡಿ ಆಮೇಲೆ ಉಳಿಯಲಿಲ್ಲ. ವಾರಂಗಲ್ಲಿಗೆ ಹೋದವರು ನೋಡಿರುತ್ತೀರಿ, ನಾಲ್ಕು ದಿಕ್ಕಿಗೆ ನಾಲ್ಕು ತೋರಣ ನಿಂತಿವೆ, ನಡುವೆ ಬರೀ ಚೂರುಗಳು. ಆಂಧ್ರ, ತೆಲಂಗಾಣ ಎರಡೂ ಕಡೆ ಪ್ರಸಿದ್ಧವಾದ ಆ ತೋರಣ ಯಾವ ಗುಡಿಯದು ಅಂತ ಬಹಳ ಜನ ಕೇಳುವುದೇ ಇಲ್ಲ.

ಆ ಉಲುಘ್ ಖಾನನೇ ಮುಂದೆ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್.

ಈಗ ಕೇಳಿ. ಅವನ ಆಳ್ವಿಕೆಯ ಶಕ 1248ರ, ಅಂದರೆ 1326ರ ಒಂದು ಸಂಸ್ಕೃತ ಶಾಸನ ಇದೇ ಕಲ್ಯಾಣದಲ್ಲಿ ಸಿಕ್ಕಿದೆ. ಓದಿ ಪ್ರಕಟಿಸಿದವರು ನಮ್ಮ ಪಿ. ಬಿ. ದೇಸಾಯಿಯವರು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಒಂದೆಡೆ ತಂದವರೂ, ಬಸವೇಶ್ವರರ ಕಾಲದ ಬಗ್ಗೆ 1968ರಲ್ಲಿ ದೊಡ್ಡ ಪುಸ್ತಕ ಬರೆದವರೂ ಅವರೇ. ಆ ಶಾಸನ ಹೇಳುವುದು ಇಷ್ಟು. ಊರಿನ ಮಧುಕೇಶ್ವರ ಅನ್ನುವ ಶಿವಾಲಯ ಒಂದು ದಂಗೆಯ ಗದ್ದಲದಲ್ಲಿ ಹಾಳಾಯಿತು, ಪೂಜೆ ನಿಂತಿತು. ಗುಡಿಯವರು ಹೋಗಿ ಸುಲ್ತಾನನ ಅಧಿಕಾರಿ ಖ್ವಾಜಾ ಅಹಮದನಲ್ಲಿ ಬೇಡಿಕೊಂಡರು. ಪೂಜೆ ನಿಮ್ಮ ಧರ್ಮ, ಹಾಗಾಗಿ ಮಾಡಿಕೊಳ್ಳಿ ಅಂತ ಅವನು ಒಪ್ಪಿಗೆ ಕೊಟ್ಟ. ಗುಡಿ ಮತ್ತೆ ಎದ್ದಿತು, ಲಿಂಗ ಮತ್ತೆ ಸ್ಥಾಪನೆಯಾಯ್ತು.

ಆ ದಂಗೆಯನ್ನು ಇತಿಹಾಸಕಾರರು ಬಹಾವುದ್ದೀನ್ ಗುರ್ಶಾಸ್ಪನ ಬಂಡಾಯದ ಜೊತೆ ಹೊಂದಿಸುತ್ತಾರೆ. ಗುರ್ಶಾಸ್ಪ್ ಸುಲ್ತಾನನ ಸಂಬಂಧಿ, ಸಗರದಲ್ಲಿದ್ದ ಅಧಿಕಾರಿ. ಸೋತು ಓಡಿ ಬಂದಾಗ ಅವನಿಗೆ ಆಶ್ರಯ ಕೊಟ್ಟವನು ಕಂಪಿಲರಾಯ, ನಮ್ಮ ಕುಮಾರರಾಮನ ಅಪ್ಪ. ನಂಬಿ ಬಂದವನನ್ನು ಬಿಟ್ಟುಕೊಡೆನು ಅಂತ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಸುಲ್ತಾನನ ವಿರುದ್ಧ ಎದ್ದವನು ಮುಸ್ಲಿಂ, ಅವನಿಗಾಗಿ ಸತ್ತವನು ಹಿಂದೂ, ಆ ಗಲಾಟೆಯಲ್ಲಿ ಹಾಳಾದ ಶಿವನ ಗುಡಿಯನ್ನು ಕಟ್ಟಲು ಒಪ್ಪಿಗೆ ಕೊಟ್ಟವನು ಓರುಗಲ್ಲಿನ ಶಿವನ ಗುಡಿ ಬೀಳಿಸಿದ ಸುಲ್ತಾನನ ಅಧಿಕಾರಿ. ಇದನ್ನೆಲ್ಲ "ಅವರು" "ಇವರು" ಅಂತ ಎರಡೇ ಡಬ್ಬಿಗೆ ತುಂಬಲು ಹೋದರೆ ಮುಚ್ಚಳ ಕೂರುವುದಿಲ್ಲ.

ಯಾಕೆ ಹೀಗೆ ಅಂತ ಮಕ್ಕಳಿಗೆ ಬಿಡಿಸಿ ಹೇಳುವುದು ಕಷ್ಟವೇನಾಗಲಿಲ್ಲ. ಓರುಗಲ್ಲಿನಲ್ಲಿ ಅದು ಗೆಲ್ಲಬೇಕಾದ ಶತ್ರುರಾಜನ ಗುಡಿ. ಕಲ್ಯಾಣದಲ್ಲಿ ಅದು ಆಗಲೇ ತನ್ನ ಪ್ರಜೆಗಳ ಗುಡಿ. "ಮ್ಯಾಚ್ ಗೆಲ್ಲೋ ತನಕ ಎದುರಿನ ಟೀಮು, ಗೆದ್ದ ಮ್ಯಾಲ ನಮ್ಮದೇ ಗ್ರೌಂಡು" ಅಂತ ಒಬ್ಬ ಹುಡುಗ ಅಂದ. ನಾನು ಹೇಳಿದ್ದಕ್ಕಿಂತ ಅವನದೇ ಚೆನ್ನಾಗಿತ್ತು.

ಈ ಕೋಟೆಯದ್ದೂ ಅದೇ ಕತೆ. ಚಾಲುಕ್ಯರ ಹಳೆಯ ಗುಡಿಗಳ ಕಲ್ಲುಗಳು ಇದರ ಕಟ್ಟಡದೊಳಗೆ ಸೇರಿಹೋಗಿವೆ. ಸಿಕ್ಕ ಕಲ್ಲು ಬಳಸಿದರು ಅಂತಲೂ ಇರಬಹುದು, ಬೇಕಂತಲೇ ಬಳಸಿದರು ಅಂತಲೂ ಇರಬಹುದು. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗೊನರ್ 2014ರಲ್ಲಿ ದಖನ್ನಿನ ಕೋಟೆಗಳ ಮೇಲೆ ಒಂದು ಪುಸ್ತಕ ತಂದರು. ಚಾಲುಕ್ಯರು ಹೋಗಿ ನಾನೂರು ವರ್ಷ ಆದ ಮೇಲೂ ಕಲ್ಯಾಣ ಅನ್ನುವ ಹೆಸರಿಗೆ ಎಂಥ ಬೆಲೆ ಇತ್ತು ಅಂತ ಅದರಲ್ಲಿ ತೋರಿಸುತ್ತಾರೆ. ವಿಜಯನಗರದ ರಾಮರಾಯ ಚಾಲುಕ್ಯರ ವಾರಸುದಾರ ತಾನು ಅಂತ ಹೇಳಿಕೊಂಡು ಈ ಕೋಟೆಗಾಗಿ ಹಟ ಹಿಡಿದಿದ್ದ. ಬಿಜಾಪುರದ ಸುಲ್ತಾನರಿಗೂ ಚಾಲುಕ್ಯರ ಕಂಬಗಳು ಬೇಕಾಗಿದ್ದವು. ಮುಂದೆ 1657ರಲ್ಲಿ ಔರಂಗಜೇಬ್, ಆಗಿನ್ನೂ ರಾಜಕುಮಾರ, ಬೀದರ ಗೆದ್ದ ಮೇಲೆ ಇಲ್ಲಿಗೆ ಬಂದ. ಬೇಸಿಗೆಯಲ್ಲಿ ಶುರುವಾದ ಮುತ್ತಿಗೆ ಮುಗಿದದ್ದು ಮಳೆಗಾಲದಲ್ಲಿ. ಕಾಯುತ್ತಿದ್ದವರು ಆದಿಲ್‌ಶಾಹಿಯವರು, ಹೊಡೆಯುತ್ತಿದ್ದವರು ಮೊಗಲರು. ತೋಪಿನ ಗುಂಡಿಗೆ ಯಾವ ಕಲ್ಲು ಯಾವ ದೇವರದು ಅಂತ ತಿಳಿಯುತ್ತಿತ್ತೇ?

ಇಷ್ಟೆಲ್ಲ ಹೇಳಿದ ಮೇಲೂ ಎದುರಿನ ಮೂಗಿನ ಪ್ರಶ್ನೆ ಹಾಗೇ ಇತ್ತು. ಒಂದು ಮೂರ್ತಿ ನೆಲಕ್ಕೆ ಬಿದ್ದರೆ ಮೊದಲು ಮುರಿಯುವುದು ಮೂಗು, ಆಮೇಲೆ ಕೈ. ಗುಡಿ ಬಿದ್ದ ಮೇಲೆ ಗೋಡೆಯಲ್ಲಿ ಅರಳಿಗಿಡ ಹುಟ್ಟಿ ಕಲ್ಲು ಸೀಳುವುದುಂಟು, ನೇಗಿಲು ತಾಗುವುದುಂಟು, ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗುವುದುಂಟು. ನಮ್ಮೂರ ಹೊಲದ ಬದುವಿನಲ್ಲೇ ಒಂದು ವೀರಗಲ್ಲು ಮಕಾಡೆ ಬಿದ್ದಿತ್ತು. ನಾವೆಲ್ಲ ಅದರ ಮೇಲೆ ಕೂತು ಶೇಂಗಾ ಸುಲಿದು ತಿಂದವರು. ಅದರ ಮೇಲಿನ ಗೀರುಗಳಲ್ಲಿ ನಂದೂ ಒಂದೆರಡು ಇರಬೇಕು. ಇದನ್ನು ಹೇಳಿದಾಗ ಮಕ್ಕಳು ಬಿದ್ದುಬಿದ್ದು ನಕ್ಕರು. ನೆಲ ನೋಡುತ್ತಿದ್ದ ಹುಡುಗ ಎಲ್ಲರಿಗಿಂತ ಜೋರಾಗಿ. "ಅಂದ್ರ ನೀವೇ ಒಡೆದಿರೇನ್ರಿ ಸರ್?" ಅಂತ ಕೇಳಿದವನೂ ಅವನೇ.

ಊಟಕ್ಕೆ ಕೋಟೆಯ ಹೊರಗೆ ಮರದ ಕೆಳಗೆ ಕೂತೆವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಬ್ಬರ ಡಬ್ಬಿಯಲ್ಲಿ ಪುಂಡಿಪಲ್ಯ. ಇನ್ನು ಪ್ರಶ್ನೆ ಮುಗಿಯಿತು ಅಂದುಕೊಂಡರೆ, ಜಲಸಂಗ್ವಿಯಲ್ಲಿ ಬರಕೊಂಡಿದ್ದ ಹುಡುಗಿ ಮತ್ತೆ ಬಂದಳು. "ಸರ್, ಇಷ್ಟೆಲ್ಲ ನೋಡಿದ್ವಿ. ಬಸವಣ್ಣೋರದ್ದು ಒಂದೂ ಇಲ್ಲಲ್ರಿ?"

ಈ ಊರಿನಲ್ಲಿ ಕೂತು ಇದಕ್ಕೆ ಉತ್ತರ ಹೇಳುವುದು ಮೂಗಿನ ಪ್ರಶ್ನೆಗಿಂತ ಕಷ್ಟ. 108 ಅಡಿ ಎತ್ತರದ ಬಸವಣ್ಣನ ಮೂರ್ತಿ ಇರುವ ಊರು. 500 ಕೋಟಿ ಅಂದಾಜಿನ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಊರು, 770 ಶರಣರ ಲೆಕ್ಕಕ್ಕೆ 770 ಕಂಬಗಳಂತೆ. ಆದರೆ ಮಗು ಕೇಳಿದ್ದು ಸರಿ. ಬಿಜ್ಜಳನ ಹೆಸರು ಹೊತ್ತ ಶಾಸನಗಳು ಬೇಕಾದಷ್ಟಿವೆ. ಬಸವಣ್ಣನ ಹೆಸರಿಗೆ ವಿದ್ವಾಂಸರು ಮೊದಲು ಕೈ ತೋರಿಸುವುದು ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನದ ಕಡೆಗೆ. ಅದು 1260ರದು, ಯಾದವ ಕನ್ನರನ ಕಾಲದ್ದು. ಕಲ್ಯಾಣದ ಕ್ರಾಂತಿ ಆಗಿ ತೊಂಬತ್ತು ವರ್ಷ ಕಳೆದಿತ್ತು. ಅಷ್ಟರಲ್ಲಿ ಹರಿಹರ ರಗಳೆ ಬರೆದಾಗಿತ್ತು.

ನಾನು ಏನೋ ತೊದಲುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬಳು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ, ಗುಡಿ ಕಟ್ಟಲಾಗದ ಬಡವನ ಬಗ್ಗೆ ಬಸವಣ್ಣ ಹೇಳಿದ ಆ ಪ್ರಸಿದ್ಧ ವಚನವನ್ನು ಪೂರ್ತಿ ಹೇಳಿಬಿಟ್ಟಳು, ಶಾಲೆಯಲ್ಲಿ ಕಲಿಸಿದ ರಾಗದಲ್ಲಿ. ಇನ್ನೂ ನಾಲ್ಕೈದು ಮಕ್ಕಳು ದನಿಗೂಡಿಸಿದರು. ನಿಂತದ್ದು ಅಳಿಯುತ್ತೆ, ನಡೆಯುವುದು ಉಳಿಯುತ್ತೆ ಅಂತ ಹೇಳಿದವನ ಕಲ್ಲು ಹುಡುಕಿಕೊಂಡು ಮ್ಯೂಸಿಯಂಗೆ ಬಂದಿದ್ದೆವು ನಾವು!

"ಇದೇ ನೋಡವ್ವ ಬಸವಣ್ಣೋರದ್ದು" ಅಂದೆ. ಓಲೆಗರಿಯಲ್ಲಿ, ಮಠಗಳಲ್ಲಿ, ಜನರ ಬಾಯಲ್ಲಿ ಉಳಿದು ಬಂದದ್ದನ್ನು ಫ. ಗು. ಹಳಕಟ್ಟಿಯವರು 1923ರಲ್ಲಿ ಅಚ್ಚು ಹಾಕಿಸಿದ ಮೇಲಲ್ಲವೇ ಇಡೀ ನಾಡಿಗೆ ಸಿಕ್ಕಿದ್ದು. ನಮ್ಮ ಸೀಮೆಯಲ್ಲಿ ಇನ್ನೊಂದು ಮಾತು ಹೇಳುತ್ತಾರೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದರಂತೆ. ಆ ಬೋರ್ಡು ಎಲ್ಲಿದೆಯೋ. ಇದ್ದರೆ ಮ್ಯೂಸಿಯಂನಲ್ಲಿ ಇಡಬೇಕಾದದ್ದು ಅದು.

ಕಲ್ಯಾಣದ ದೊಡ್ಡ ವಸ್ತುಗಳೆಲ್ಲ ಹೀಗೆ ಕಲ್ಲಲ್ಲದವೇ. ವಿಕ್ರಮಾದಿತ್ಯನ ಚರಿತ್ರೆ ಬರೆದ ಬಿಲ್ಹಣ ಕಾಶ್ಮೀರದಿಂದ ಬಂದವನು. ಆ ಕಾವ್ಯದ ಪ್ರತಿ ಕೊನೆಗೆ ಸಿಕ್ಕಿದ್ದು 1874ರಲ್ಲಿ, ರಾಜಸ್ಥಾನದ ಜೈಸಲ್ಮೇರಿನ ಜೈನ ಭಂಡಾರದಲ್ಲಿ, ಜರ್ಮನಿಯ ಬ್ಯೂಲರ್‌ಗೆ. ಮುಮ್ಮಡಿ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ರಾಜನೀತಿಯಿಂದ ಹಿಡಿದು ದೋಸೆ, ವಡೆಯ ತನಕ ಎಲ್ಲ ಇದೆ, ಅದು ಅಚ್ಚಾದದ್ದು ಬರೋಡಾದಲ್ಲಿ. ಇನ್ನು ವಿಜ್ಞಾನೇಶ್ವರ ಇಲ್ಲೇ ಕೂತು ಬರೆದ ಮಿತಾಕ್ಷರ. ಬ್ರಿಟಿಷರ ಕೋರ್ಟುಗಳು ಬಂಗಾಳದ ಕಡೆ ಬಿಟ್ಟು ಬಹುಪಾಲು ಭಾರತದ ಹಿಂದೂ ಆಸ್ತಿ ಪಾಲುಪಟ್ಟಿಯನ್ನು ಅದರ ಪ್ರಕಾರ ತೀರ್ಮಾನಿಸಿದವು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತೆ, ಆದರೆ ಗಂಡುಮಕ್ಕಳಿಗೆ. ಆ ಕಟ್ಟಳೆಗೆ ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನೂ ಸೇರಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಇದನ್ನು ಹೇಳಿದೆ. ಹುಡುಗಿಯರ ಕಡೆಯ ಸೀಟುಗಳಲ್ಲಿ ಒಮ್ಮೆಗೇ ಗದ್ದಲ. "ಅಂದ್ರ ನಮ್ಮಪ್ಪನ ಹೊಲದಾಗ ನಂಗೂ ಪಾಲದ ಏನ್ರಿ?" ಅದ. "ತಮ್ಮನಷ್ಟೇ?" ತಮ್ಮನಷ್ಟೇ. ಇವತ್ತು ಸಂಜೆ ಹುಮನಾಬಾದ್ ಸುತ್ತಮುತ್ತ ಹತ್ತು ಮನೆಯಲ್ಲಿ ಜಗಳ ಗ್ಯಾರಂಟಿ ಅಂತ ಅಣ್ಣ ತಲೆ ಚಚ್ಚಿಕೊಂಡ :)

ಸಸ್ತಾಪುರ ಬಂಗ್ಲಾದಲ್ಲಿ ಭಜಿ ತಿನ್ನಲು ಇಳಿದಾಗ, ಬೆಳಿಗ್ಗೆ "ನಮ್ಮ ಕಾಕಾ ಹೇಳ್ಯಾನ" ಅಂದಿದ್ದ ಹುಡುಗ ಒಬ್ಬನೇ ನನ್ನ ಹತ್ತಿರ ಬಂದ. ಕ್ಷಮೆ ಗಿಮೆ ಏನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. "ಸರ್, ಆ ಬಾಗಿಲು ಕಾಯೋ ಮೂರ್ತಿ, ಅದಕ್ಕ ಮೂಗು ಅದ ಏನ್ರಿ?" ಅಂದ.

ಇದಕ್ಕೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ. ಅದರ ಬಗ್ಗೆ ಓದಿದ್ದೇನೆಯೇ ಹೊರತು ಎದುರಿಗೆ ನಿಂತು ನೋಡಿಲ್ಲ. ಫೋಟೋ ತರಿಸಿ ಕೊಡ್ತೀನಿ ಅಂದುಬಿಟ್ಟಿದ್ದೇನೆ. ಅದಕ್ಕೇ ಈ ಬರಹ. ನಿಮ್ಮಲ್ಲಿ ಯಾರಾದರೂ ತಂಜಾವೂರಿನ ಕಡೆ ಹೋಗುವವರಿದ್ದರೆ, ಅರಮನೆಯ ಕಲಾಶಾಲೆಯಲ್ಲಿ ಅವನನ್ನು ಹುಡುಕಿ ಒಂದು ಪಟ ತೆಗೆದು ಕಳಿಸಿ. ಮುಖ ಸರಿಯಾಗಿ ಕಾಣಲಿ. ಪೀಠದ ಮೇಲಿನ ಆ ಒಂದು ಸಾಲು ಕೂಡ ಬರಲಿ. ಎರಡು ಪ್ರಿಂಟು ಹಾಕಿಸಬೇಕು, ಒಂದು ಇವನಿಗೆ, ಒಂದು ಅವನ ಗೆಳೆಯನಿಗೆ.